ಒಂಬತ್ತನೆಯ ಹೆಜ್ಜೆ

ಬೆಳಿಗ್ಗೆ ಎದ್ದವನೇ ಅವನು ಬಚ್ಚಲುಮನೆಯ ಗೋಡೆಗೆ ಎರಡು ಅಂಕ ಕೊಟ್ಟ. ನಾಲ್ಕಕ್ಕೆ ಎರಡು. ನೀರು ಇಳಿದು ಇಳಿದು ಸುಣ್ಣದ ಮೇಲೆ ಒಂದು ನದಿಯ ನಕ್ಷೆ ಮೂಡಿತ್ತು. ನೋಡಲು ಚಂದವೇ, ಆದರೆ ಅಪರೂಪವೇನಲ್ಲ, ಯಾರ ಮನೆಯ ಬಚ್ಚಲಲ್ಲೂ ಸಿಕ್ಕುವಂಥದ್ದು. ಸೋರುವ ನಲ್ಲಿಗೆ ಒಂದು. ಕನ್ನಡಿಯೊಳಗಿನ ಮುಖಕ್ಕೆ ಎಷ್ಟು ಎಂದು ಮನಸ್ಸು ಕೇಳುವ ಮೊದಲೇ ನೊರೆ ಉಗಿದು ಹೊರಗೆ ಬಂದ. ಇಪ್ಪತ್ತಾರು ವರ್ಷ ಬಂಡೆ, ಗುಹೆ, ಕಣಿವೆಗಳಿಗೆ ಅಂಕ ಹಾಕಿ ಹಾಕಿ ಅಂಟಿಕೊಂಡ ಚಾಳಿ ಇದು. ಯಾವ ಕಲ್ಲು ಉಳಿಯಬೇಕು, ಯಾವುದನ್ನು ಜನ ಟಿಕೆಟ್ ತೆಗೆದುಕೊಂಡು ಬಂದು ನೋಡಬೇಕು, ಯಾವುದು ಒಡೆದು ಜಲ್ಲಿಯಾದರೂ ಅಡ್ಡಿಯಿಲ್ಲ ಎಂದು ಹೇಳುವ ಸಮಿತಿಯಲ್ಲಿ ಅವನು ಹಿರಿಯ. ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಅಂಕ, ಒಟ್ಟು ನೂರು. ಎಂಬತ್ತು ಬಂದರೆ ಆ ಜಾಗ ಬದುಕಿತು. ಅಪರೂಪವೇ? ದಾರಿ ಇದೆಯೇ? ಶೌಚಾಲಯ ಇದೆಯೇ? ಮನುಷ್ಯ ಕೈಯಾಡಿಸದೆ ಮೂಲಸ್ಥಿತಿಯಲ್ಲೇ ಉಳಿದಿದೆಯೇ? ಈ ಮೂಲಸ್ಥಿತಿಯದು ಹತ್ತನೆಯ ಪ್ರಶ್ನೆ. ಆಫೀಸಿನಲ್ಲಿ ಬೆನ್ನ ಹಿಂದೆ ಅವನಿಗೆ ಅಂಕಣ್ಣ ಎಂದು ಹೆಸರಿತ್ತು, ಹತ್ತನೆಯ ಪ್ರಶ್ನೆಯಲ್ಲಿ ಅಂಕಣ್ಣನ ಕಣ್ಣಿಗೆ ಮಣ್ಣೆರಚಿದವರು ಯಾರೂ ಇಲ್ಲ ಎಂಬ ಮಾತೂ ಇತ್ತು. ಎಲ್ಲೋ ಒಂದು ಕಡೆ ಸಿಮೆಂಟು ಮೆತ್ತಿದ್ದರೆ ಗುಹೆಯ ಬಾಯಲ್ಲಿ ನಿಂತು ಮೂಸಿಯೇ ಹೇಳುತ್ತಾನಂತೆ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು ಎಂಬುದು ಪಾಪ, ಅವರಿಗೆ ಹೊಳೆದಿರಲಿಲ್ಲ.

"ರೀ, ಕೋಲು ಮರೆತು ಹೋಗ್ಬೇಡಿ ಮತ್ತೆ," ಎಂದು ಹೆಂಡತಿ ಹಳೆಯ ಪೇಪರಿನಲ್ಲಿ ಸುತ್ತಿದ ಅದನ್ನು ತಿಂಡಿಯ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅವಳಪ್ಪನ ಕೋಲು. ಅವಳಪ್ಪ ಎಂದರೆ ಅವನ ಮೇಷ್ಟ್ರು. ಮೊದಲು ಮೇಷ್ಟ್ರು, ಆಮೇಲೆ ಮಾವ, ಕೊನೆಯ ಆರು ವರ್ಷ ಒಳಕೋಣೆಯ ಮಂಚದಿಂದ ಕೇಳಿಸುವ ಒಂದು ಉಸಿರು. ಹೋಗಿ ಎರಡು ವರ್ಷವಾಗಿತ್ತು. ಕೋಲಿಗೆ ಉದ್ದಕ್ಕೂ ಬೆರಳಗಲಕ್ಕೊಂದು ಕಚ್ಚು ಹಾಕಿದ್ದರು. ಕಲ್ಲಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಗೆ ಏನಾದರೂ ಇಡಬೇಕು, ಸುತ್ತಿಗೆಯೋ ಪೆನ್ನೋ. ಇಲ್ಲದಿದ್ದರೆ ಬೆಟ್ಟ ಯಾವುದು ಬೆಣಚುಕಲ್ಲು ಯಾವುದು ಯಾರಿಗೂ ತಿಳಿಯುವುದಿಲ್ಲ. ಕಾಲು ಕೆಟ್ಟ ಮೇಲೆ ಮೇಷ್ಟ್ರು ಊರುಗೋಲನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಈಗ ಅದು ಮೇಷ್ಟ್ರು ಕಂಡುಹಿಡಿದ ಹೆಜ್ಜೆಬಂಡೆಯ ಪಕ್ಕ ಕಟ್ಟಿರುವ ಸಣ್ಣ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗೆ ಹೋಗಬೇಕು. "ಇವತ್ತು ಎಂಬತ್ತು ದಾಟಿಸಿ ಬಂದುಬಿಡಿ. ಅಪ್ಪನ ಹೆಸರಿನ ಬೋರ್ಡು ಕಣ್ಣಲ್ಲಿ ನೋಡ್ಬೇಕು ನಾನು," ಎಂದಳು. "ದಾಟಿಸೋದು ನಾನಲ್ಲ, ಅದೇ ದಾಟ್ಬೇಕು," ಎಂದ ಅವನು, ಆಫೀಸಿನ ದನಿಯಲ್ಲಿ. "ಅದಕ್ಕೆ ಕಾಲು ಸರಿ ಇಲ್ವಲ್ಲ, ಪಾಪ. ನೀವೇ ಒಂಚೂರು ಕೈ ಹಿಡೀರಿ," ಎಂದು ನಕ್ಕಳು. ಅವನು ತಟ್ಟೆಯ ಕಡೆ ತಲೆ ಬಗ್ಗಿಸಿದ. ನಗುವಾಗ ಅವಳು ಥೇಟ್ ಅಪ್ಪನಂತೆಯೇ ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡುತ್ತಾಳೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಆ ಕಣ್ಣಿಗೆ ಎದುರಾಗಿ ಕೂತು ಉಣ್ಣುವುದು ಅವನಿಗೆ ಅಭ್ಯಾಸವಾಗಿರಲಿಲ್ಲ.

ಜೀಪಿನಲ್ಲಿ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಸಾಬೂನಿನ ಡಬ್ಬಿ, ಎಂದುಕೊಂಡ. ಎಲ್ಲ ಆದದ್ದು ಒಂದು ಸಾಬೂನಿನ ಡಬ್ಬಿಯಿಂದ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಆ ಕಲ್ಲುಗಣಿಯ ನೆಲದಲ್ಲಿ ಮೇಷ್ಟ್ರಿಗೆ ಒಂದು ಸಾಲು ಹೆಜ್ಜೆ ಸಿಕ್ಕಿತ್ತು. ಕೋಟ್ಯಂತರ ವರ್ಷದ ಹಿಂದೆ ಯಾವುದೋ ಕೆರೆಯ ಕೆಸರಿನಲ್ಲಿ ಎರಡು ಕಾಲಿನ ಮೇಲೆ ನಡೆದುಹೋದ, ಮೂರು ಬೆರಳಿನ, ಮನುಷ್ಯನಿಗಿಂತ ಸ್ವಲ್ಪ ಎತ್ತರದ ಒಂದು ಪ್ರಾಣಿ. ಕೆಸರು ಕಲ್ಲಾಗಿ ಹೆಜ್ಜೆ ಉಳಿದಿತ್ತು. ಎಡ, ಬಲ, ಎಡ, ಬಲ, ಒಟ್ಟು ಒಂಬತ್ತು, ಒಂಬತ್ತನೆಯದು ಎಡಗಾಲು. ಅದರಾಚೆ ಬಂಡೆಯ ಗೋಡೆ ಎದ್ದಿತ್ತು, ಪ್ರಾಣಿ ಅದರೊಳಗೆ ನಡೆದುಹೋದಂತೆ. ಒಂಬತ್ತನೆಯ ಹೆಜ್ಜೆಯ ಮಣ್ಣು ತೊಳೆದು ತೆರೆದವನು ಅವನೇ, ಮೇಷ್ಟ್ರ ಶಿಷ್ಯ, ಇಪ್ಪತ್ತೆರಡರ ಹುಡುಗ. ಮೇಷ್ಟ್ರು ಇಳಿಬಿಸಿಲಿನಲ್ಲಿ ಅದನ್ನು ಒಮ್ಮೆ ನೋಡಿ, "ನಾಳೆ ಇದರದ್ದು ಅಚ್ಚು ತೆಗೆದಿಟ್ಟಿರು, ನಾಳಿದ್ದು ಬರ್ತೀನಿ," ಎಂದು ಊರಿಗೆ ಹೋದರು. ಅಚ್ಚು ತೆಗೆಯುವುದೆಂದರೆ ಹೆಜ್ಜೆಗೆ ರಬ್ಬರಿನ ಹಾಲು ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದು ತೆಗೆಯುವುದು. ಬಳಿಯುವ ಮೊದಲು ಸಾಬೂನು ನೀರು ಹಚ್ಚಬೇಕು, ಇಲ್ಲದಿದ್ದರೆ ರಬ್ಬರು ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಮೊದಲ ವರ್ಷದ ಹುಡುಗರಿಗೂ ಗೊತ್ತಿದ್ದದ್ದೇ. ಡಬ್ಬಿ ರೂಮಿನಲ್ಲಿ ಉಳಿದಿತ್ತು. ರೂಮು ಎರಡು ಮೈಲಿ. ಇಷ್ಟು ಒಣಗಿದ ಕಲ್ಲು, ಏನೂ ಆಗಲ್ಲ ಬಿಡು ಎಂದುಕೊಂಡ. ಮಧ್ಯಾಹ್ನ ರಬ್ಬರನ್ನು ಎಳೆದಾಗ ಹಳೆಯ ಬ್ಯಾಂಡೇಜು ಕಿತ್ತಂತೆ ಚರ್ರೆಂದು ಸದ್ದಾಯಿತು. ಅಚ್ಚಿನ ಒಳಮೈಗೆ ಮೂರು ಬೆರಳೂ ಅಂಟಿಕೊಂಡು ಬಂದಿದ್ದವು. ಕೆಳಗೆ ಕಲ್ಲಿನ ಮೇಲೆ ಒಂದು ಗಾಯ ಮಾತ್ರ ಇತ್ತು.

ಉಳಿ ತೆಗೆದುಕೊಂಡು ಕೂತ. ಮೂರು ಗಂಟೆ ಹೊತ್ತು, ಮಗುವಿನ ಕಣ್ಣಿಗೆ ಕಾಡಿಗೆ ತೀಡುವಷ್ಟು ನಾಜೂಕಾಗಿ, ಹೆಜ್ಜೆಯನ್ನು ಮತ್ತೆ ಕೆತ್ತಿದ. ಪದರ ಕಿತ್ತುಹೋಗಿದ್ದರಿಂದ ಆಳ ಹೆಚ್ಚಾಯಿತು. ಕೂತ ಮಗ್ಗುಲಿನಿಂದ ಕೈ ಜಾರಿ ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿದವು. ಚಹದ ಸೊಪ್ಪು, ಕೆಸರು, ಎಣ್ಣೆ ತಿಕ್ಕಿ ಬಣ್ಣ ಕೂಡಿಸಿದ. ರಬ್ಬರನ್ನು ಸುಟ್ಟ. ಮೇಷ್ಟ್ರು ಬಂದು ಮಂಡಿಯೂರಿ ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಮುಗಿಯಿತು ನನ್ನ ಕಥೆ ಎಂದು ಅವನು ಬೆವತ. ಮೇಷ್ಟ್ರು ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು. "ಕುಂಟಿದೆ ಕಣೋ ಇದು. ಎಂಟು ಹೆಜ್ಜೆ ನೆಟ್ಟಗೆ ಬಂದಿದೆ, ಒಂಬತ್ತನೇದರಲ್ಲಿ ಏನೋ ಆಗಿಬಿಟ್ಟಿದೆ. ಒಂದು ಪ್ರಾಣಿಗೆ ನೋವಾದ ಗಳಿಗೆ ಕಲ್ಲಲ್ಲಿ ಹಾಗೇ ಉಳ್ಕೊಂಡಿದೆ." ಆ ಒಂದು ಮಾತಿನಿಂದ ಮೇಷ್ಟ್ರು ಹೆಸರಾದರು. ಊರೂರಿನಿಂದ ಜನ ಬಂದರು. ಮರುವರ್ಷ ಬಂದವರಿಗೆ ಅದೇ ಹೆಜ್ಜೆಯನ್ನು ತೋರಿಸುತ್ತ ನಿಂತ ಮೇಷ್ಟ್ರ ಕಾಲು ಜಾರಿ ಎಡಗಾಲ ಗಿಣ್ಣು ಮುರಿಯಿತು, ಮತ್ತೆ ಕೂಡಿಕೊಳ್ಳಲೇ ಇಲ್ಲ. "ನಂಗೂ ಅದಕ್ಕೂ ಈಗ ಒಂದೇ ಕಾಲು ನೋಡು," ಎಂದು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಎಲ್ಲರ ಜೊತೆ ಅವನೂ ನಗಬೇಕಿತ್ತು. ಹೇಳಬೇಕು ಎಂದು ಎಷ್ಟು ಸಲ ಬಾಯಿ ತೆರೆದಿದ್ದ! ಆದರೆ ಇರುವುದು ಒಂಬತ್ತೇ ಹೆಜ್ಜೆ. ಅದರಲ್ಲೊಂದು ಸುಳ್ಳು ಎಂದು ಗೊತ್ತಾದರೆ ಎಂಬತ್ತು ಅಂಕ ಬರುವುದಿಲ್ಲ, ಗಣಿಯವನು ಉಳಿದ ಎಂಟನ್ನೂ ಜಲ್ಲಿ ಮಾಡುತ್ತಾನೆ. ಕಲ್ಲಿಗಾಗಿ ಸುಮ್ಮನಿದ್ದೇನೆ, ನನಗಾಗಿ ಅಲ್ಲ. ಈ ನೆವ ಅವನನ್ನು ಇಪ್ಪತ್ತೊಂಬತ್ತು ವರ್ಷ ಸಾಕಿತ್ತು.

ಇವತ್ತು ಆ ನೆವವೂ ಇರಲಿಲ್ಲ. ಪ್ರವಾಸಿಗರಿಗೆ ಮೊಗಸಾಲೆ ಕಟ್ಟಲೆಂದು ಬಂಡೆಗೋಡೆಯ ಬುಡವನ್ನು ಪದರ ಪದರವಾಗಿ ಎಬ್ಬಿಸುತ್ತಿದ್ದವರಿಗೆ ಹೋದ ತಿಂಗಳು ಇನ್ನೂ ಒಂಬತ್ತು ಹೆಜ್ಜೆ ಸಿಕ್ಕಿದ್ದವು. ಸಮಿತಿಗೆ ಹೊಸದಾಗಿ ಬಂದಿದ್ದ ಭೂವಿಜ್ಞಾನಿ ಹೆಂಗಸು ಫೋನಿನಲ್ಲಿ ಕಿರುಚಿದ್ದಳು: "ತೊಂಬತ್ತೊಂದು ಬರುತ್ತೆ ಸಾರ್! ಸೂಪರ್ ಸಾರ್!" ಎರಡು ಮಾತಿಗೊಂದು ಸೂಪರ್ ಹೇಳುವ ಆಕೆಯನ್ನು ಆಫೀಸು ಸೂಪರಮ್ಮ ಎಂದೇ ಕರೆಯುತ್ತಿತ್ತು. ಅವಳು ಕಳಿಸಿದ ಫೋಟೋಗಳನ್ನು ಅವನು ತೆರೆದಿರಲಿಲ್ಲ. ಹತ್ತನೆಯ ಪ್ರಶ್ನೆಗೆ ಸೊನ್ನೆ ಹಾಕಿದರೂ ಎಂಬತ್ತೇಳು ಉಳಿಯುತ್ತದೆ, ಕಲ್ಲು ಬದುಕುತ್ತದೆ ಎಂದು ಮಾತ್ರ ಲೆಕ್ಕ ಹಾಕಿದ್ದ. ಸಾಯುವುದು ಇನ್ನು ತನ್ನ ಹೆಸರೊಂದೇ. ಮೇಷ್ಟ್ರು ತೀರಿಹೋಗುವ ಒಂದು ವಾರ ಮುಂಚೆ, ಅವನು ಚಮಚದಲ್ಲಿ ನೀರು ಕುಡಿಸುತ್ತಿರುವಾಗ, ಎಡಗಣ್ಣನ್ನು ಕಿರಿದು ಮಾಡಿ ಹೇಳಿದ್ದರು: "ಅದು ಯಾಕೆ ಕುಂಟ್ತು ಅಂತ ಯಾರಾದ್ರೂ ಒಂದಿನ ಹೇಳ್ತಾರೆ ಅಂತ ಕಾದೆ ಕಣೋ." ಗೊತ್ತಿತ್ತೇ ಅವರಿಗೆ? ಸುಮ್ಮನೆ ಅಂದದ್ದೇ? ಅವನು ಗಲ್ಲ ಒರೆಸಿ, "ಇನ್ನೊಂದು ಚಮಚ ಕುಡೀರಿ," ಎಂದಿದ್ದ. ಜೀಪಿನ ಕಿಟಕಿಯಾಚೆ ಸಾಗುವ ಗಿಡಗಳಿಗೆ ಅಂಕ ಹಾಕಲು ಇವತ್ತು ಮನಸ್ಸಾಗಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಗೇಟಿನಲ್ಲಿ ಪ್ಲೈವುಡ್ಡಿನ ಕುಂಟಮ್ಮ ನಿಂತಿದ್ದಳು. ಊರಿನವರು ಆ ಪ್ರಾಣಿಗೆ ಇಟ್ಟ ಹೆಸರು ಅದು. ಹಸಿರು ಮೈ, ದೊಡ್ಡ ನಗು, ಎಡಗಾಲಿಗೆ ಬಿಳಿ ಬ್ಯಾಂಡೇಜು. ಟಿಕೆಟ್ ಕಿಟಕಿಯಲ್ಲಿ ಅದರದ್ದೇ ಕೀಚೈನುಗಳು ನೇತಾಡುತ್ತಿದ್ದವು, ಗಾಳಿಗೆ ಒಂದಕ್ಕೊಂದು ತಾಗಿ ಟಕ ಟಕ ಎನ್ನುತ್ತ. "ಬನ್ನಿ ಸಾರ್, ನಮ್ಮ ಕುಂಟಮ್ಮನ ಸವಾರಿ ಎಲ್ಲಿವರೆಗೆ ಹೋಗಿದೆ ಅಂತ ನೀವೇ ನೋಡಿ," ಎಂದು ಕಲ್ಲೆಬ್ಬಿಸುವ ಮೇಸ್ತ್ರಿ ಮುಂದೆ ನಡೆದ. ಮೇಸ್ತ್ರಿಯದು ಊಟಕ್ಕಿಂತ ಮಾತಿನ ಹಸಿವು ದೊಡ್ಡದು. "ನಲವತ್ತು ವರ್ಷ ಕಲ್ಲು ಒಡೆದೆ ಸಾರ್, ಯಾವ ಕಲ್ಲೂ ನನ್ನ ಹೆದರಿಸಿರ್ಲಿಲ್ಲ. ಇದನ್ನ ಎಬ್ಬಿಸೋವಾಗ ಮಾತ್ರ ನಮ್ಮ ಆಳುಗಳು ಮಾತೇ ಆಡಲ್ಲ. ರೋಗಿ ಮಲಗಿರೋ ಮನೆ ಹೊಕ್ಕಂಗೆ ಆಗುತ್ತೆ." ಸೂಪರಮ್ಮ ಅಂಕಪಟ್ಟಿಯ ಹಲಗೆ ಹಿಡಿದು ಆಗಲೇ ಪ್ರವಾಸಿಗರು ನಡೆಯಲು ಹಾಕಿದ ಮರದ ಹಾಸಿನ ತುದಿಯಲ್ಲಿ ನಿಂತಿದ್ದಳು. ಬಿಸಿಲು ಇನ್ನೂ ಓರೆಯಾಗಿತ್ತು, ಹೆಜ್ಜೆಗಳು ತುಂಬ ಸ್ಪಷ್ಟವಾಗಿ ಕಾಣುವ ಹೊತ್ತು. ಅವನು ಪೇಪರು ಬಿಚ್ಚಿ ಕೋಲು ತೆಗೆದ. ಒಂದರಿಂದ ಎಂಟರವರೆಗೆ ಹಳೆಯ ನೆಂಟರ ಮನೆಯಲ್ಲಿ ನಡೆದಂತೆ ನಡೆದ. ಒಂದು, ಮೂರು, ಐದು, ಏಳು, ಎಡಗಾಲಿನವು ನಾಲ್ಕೂ ನೆಟ್ಟಗಿದ್ದವು. ಆಳ ಎರಡು ಕಚ್ಚು. ಹೆಜ್ಜೆಯಿಂದ ಹೆಜ್ಜೆಗೆ ಒಂದೂವರೆ ಕೋಲು. ಒಂಬತ್ತನೆಯದನ್ನು ನೋಡದೆ ದಾಟಿದ. ನೋಡುವುದೇನಿದೆ, ಬೆರಳಿಗೆ ಬಾಯಿಪಾಠ.

ಹತ್ತು ಬಲಗಾಲು, ನೆಟ್ಟಗಿತ್ತು. ಹನ್ನೊಂದರ ಪಕ್ಕ ಕೋಲಿಟ್ಟು ಬಗ್ಗಿದವನು ಹಾಗೆಯೇ ನಿಂತ. ಎಡಗಾಲು ಹೊರಕ್ಕೆ ತಿರುಗಿತ್ತು. ಆಳ ಮೂರು ಕಚ್ಚು. ಹದಿಮೂರು, ಇನ್ನೂ ಹೊರಕ್ಕೆ. ಹದಿನೈದರಲ್ಲಿ ನಡುಬೆರಳು ನೆಲವನ್ನು ಗೀರಿ ಎಳೆದಿತ್ತು. ಹದಿನೇಳರಲ್ಲಿ ಹಿಮ್ಮಡಿ ಕುಸಿದಿತ್ತು, ಆಳ ನಾಲ್ಕು ಕಚ್ಚು. ಹೆಜ್ಜೆಯಿಂದ ಹೆಜ್ಜೆಗೆ ಮೊದಲು ಒಂದೂವರೆ ಕೋಲಿದ್ದದ್ದು ಒಂದು ಕೋಲಾಯಿತು, ಆಮೇಲೆ ಅರೆ ಕೋಲು. ಮೇಷ್ಟ್ರು ಮೊದಮೊದಲು ಬೀದಿಯ ಮೂಲೆಯ ಅಂಗಡಿಯವರೆಗೆ ಹೋಗಿ ಬರುತ್ತಿದ್ದರು, ಆಮೇಲೆ ಗೇಟಿನವರೆಗೆ, ಆಮೇಲೆ ಗೋಡೆ ಹಿಡಿದು ಬಚ್ಚಲಿನವರೆಗೆ. ಒಂದು ದಿನ ಬಚ್ಚಲಿಂದ ವಾಪಸ್ಸು ಬರುವಾಗ ನಡುಮನೆಯಲ್ಲೇ ನೆಲಕ್ಕೆ ಕೂತು, "ಸಾಕು ಬಿಡು," ಎಂದಿದ್ದರು. ಹದಿನೆಂಟರ ಮುಂದೆ ಹೆಜ್ಜೆ ಇರಲಿಲ್ಲ. ಅಲ್ಲಿ ಕಲ್ಲಿನಲ್ಲಿ ಒಂದು ತಗ್ಗಿತ್ತು: ಎರಡೂ ಹಿಮ್ಮಡಿ ಊರಿ, ಹೊಟ್ಟೆ ಒತ್ತಿ, ಪಕ್ಕಕ್ಕೆ ಬಾಲ ಎಳೆದ ಗೆರೆ. ಪ್ರಾಣಿ ಕೂತಿತ್ತು. ಅದರ ಮುಂದೆ ಎರಡು ಗೇಣು ಬರಿಯ ಕಲ್ಲು, ಆಮೇಲೆ ಎಬ್ಬಿಸದೆ ಉಳಿದ ಕೊನೆಯ ಪದರ, ಅದರಾಚೆ ಗೋಡೆ. ಎಂಟು ಹೆಜ್ಜೆ ಆರಾಮಾಗಿ ನಡೆದುಬಂದಿದ್ದ ಜೀವ ಅದು. ಅವನು ಉಳಿ ಇಟ್ಟ ಜಾಗದಿಂದಲೇ ಅದಕ್ಕೆ ಕುಂಟು ಶುರುವಾಗಿತ್ತು, ಅವನು ತಪ್ಪಿ ಕೆತ್ತಿದ್ದಷ್ಟೇ ಓರೆಗೆ, ಅವನು ತಪ್ಪಿ ಕೆತ್ತಿದ ಕಾಲಿಗೇ.

"ಫೋಟೋ ನೋಡಿದ್ರಲ್ಲ ಸಾರ್? ಮೇಷ್ಟ್ರು ಹೇಳಿದ್ದು ಅಕ್ಷರ ಅಕ್ಷರ ನಿಜ ಆಯ್ತು," ಎಂದಳು ಸೂಪರಮ್ಮ. ಅವಳ ದನಿ ಸಂತೋಷಕ್ಕೆ ನಡುಗುತ್ತಿತ್ತು. "ಹತ್ತನೇ ಪ್ರಶ್ನೆಗೆ ನಾಲ್ಕಕ್ಕೆ ನಾಲ್ಕು ಹಾಕ್ಬಿಟ್ಟಿದೀನಿ. ನಿಮ್ಮದೊಂದು ಸಹಿ."

"ಹಾಕ್ಬೇಡಿ. ಒಂಬತ್ತನೇದು ನಾನು ಕೆತ್ತಿದ್ದು," ಎಂದ ಅವನು.

ಇಪ್ಪತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಇಷ್ಟು ಚಿಕ್ಕದಾಗಿ ಹೊರಬಿದ್ದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು. ಡಬ್ಬಿ, ರಬ್ಬರು, ಉಳಿ, ಚಹದ ಸೊಪ್ಪು, ಎಲ್ಲ ಹೇಳಿದ. ಮೇಸ್ತ್ರಿ ತಲೆ ಕೆರೆದುಕೊಂಡ. ಸೂಪರಮ್ಮ ಮೊದಲು ನಕ್ಕಳು. ಅವನು ನಗದಿದ್ದದ್ದು ಕಂಡು ನಿಲ್ಲಿಸಿದಳು.

"ಸಾರ್, ಒಂಬತ್ತು ನೀವು ಕೆತ್ತಿದ್ರಿ ಅಂತಾನೇ ಇಟ್ಕೊಳೋಣ. ಹನ್ನೊಂದು, ಹದಿಮೂರು, ಹದಿನೈದು ಯಾರು ಕೆತ್ತಿದ್ರು? ಇವುಗಳ ಮೇಲೆ ಎರಡಾಳೆತ್ತರ ಬಂಡೆ ಇತ್ತು."

"ಅದನ್ನೇ ನಾನೂ ಕೇಳ್ತಿರೋದು."

"ಮತ್ತೆ? ಪ್ರಾಣಿ ನಿಜವಾಗ್ಲೂ ಕುಂಟ್ತಿತ್ತು ಅಂತಾಯ್ತಲ್ಲ! ನೀವು ಕೆತ್ತಿದ್ರೂ ಇದ್ದಿದ್ದನ್ನೇ ಕೆತ್ತಿದೀರಿ."

"ಇರ್ಲಿಲ್ಲಮ್ಮಾ. ಕೀಳೋ ಮುಂಚೆ ನಾನು ನೋಡಿದ್ದೆ. ನೆಟ್ಟಗಿತ್ತು. ಮಿಕ್ಕವೆಲ್ಲ ಹೇಗಿವೆಯೋ ಹಾಗೇ ಇತ್ತು."

ಅವಳು ಹಲಗೆಯನ್ನು ಎದೆಗೆ ಒತ್ತಿ ಹಿಡಿದು, ಜ್ವರ ಬಂದವರನ್ನು ನೋಡುವಂತೆ ನೋಡಿದಳು. "ಮಾವನೋರ ಕೋಲು ಕೈಲಿ ಹಿಡ್ಕೊಂಡು ಬಂದಿದೀರಿ, ಮನಸ್ಸು ಕಲಕಿರತ್ತೆ ಸಾರ್. ನನ್ನ ತಂದೆ ಹೋದಾಗ ನಾನೂ ಹೀಗೇ, ನಾನೇ ಏನೋ ಮಾಡ್ಬಿಟ್ಟೆ ಅಂತ ಒಂದು ವರ್ಷ ಕೊರಗಿದೀನಿ. ಊಟ ಮಾಡೋಣ ಬನ್ನಿ. ಬೇಕಾದ್ರೆ ಮನೆಗೆ ಫೋನ್ ಮಾಡ್ಲಾ, ಮೇಡಮ್ಮಿಗೆ?" ಎಂದಳು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು ಅವನ ಬೆನ್ನು ತಟ್ಟಿದಳು. ಇಷ್ಟು ವರ್ಷ ತಪ್ಪು ಹೊರಬೀಳುತ್ತದೆಂದು ಹೆದರಿದ್ದ. ಹೊರಗೆ ಹಾಕಿದರೂ ಯಾರೂ ಇಸಿದುಕೊಳ್ಳುವುದಿಲ್ಲ ಎಂಬುದು ಅವನ ಕನಸಿಗೂ ಬಂದಿರಲಿಲ್ಲ. ಬೇಡ, ಹಸಿವಿಲ್ಲ, ನೀವು ಹೋಗಿ ಎಂದ. "ಕೊನೇ ಪದರ ಸಡಿಲ ಮಾಡಿ ಇಟ್ಟಿದೀವಿ," ಎಂದು ಮೇಸ್ತ್ರಿ ಹೋಗುತ್ತ ಹೋಗುತ್ತ ಹೇಳಿದ, "ಹಾರೆ ಹಾಕಿ ಮೀಟೋದೊಂದೇ ಬಾಕಿ. ಅಮ್ಮಾವ್ರು ಎದ್ದು ಹೋದ್ರೋ, ಅಲ್ಲೇ ಕಣ್ಣು ಮುಚ್ಚಿದ್ರೋ, ಊಟ ಆದ್ಮೇಲೆ ನೋಡೋಣ." ಅವರ ಮಾತು ಶೆಡ್ಡಿನ ಕಡೆಗೆ ದೂರವಾಯಿತು. ಊಟದ ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಒಂದೊಂದಾಗಿ ಕೇಳಿಸಿತು.

ಬಿಸಿಲು ನೆತ್ತಿಗೆ ಬಂದು ಹೆಜ್ಜೆಗಳೆಲ್ಲ ಮಸುಕಾದವು, ಕೂತ ಗುರುತು ಮಾತ್ರ ಮಸುಕಾಗಲಿಲ್ಲ. ಅವನು ಅದರ ಪಕ್ಕದಲ್ಲಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಂತೆಯೇ ಕೂತ. ಹೊಟ್ಟೆ ಒತ್ತಿದ ಜಾಗದಲ್ಲಿ ಅಂಗೈ ಇಟ್ಟ. ಕಲ್ಲು ಬಿಸಿಲಿಗೆ ಕಾದಿತ್ತು, ಬಿಸಿಲಿಗೇ ಇರಬೇಕು. ಇಲ್ಲಿ ಎಷ್ಟು ಹೊತ್ತು ಕೂತಿದ್ದೀಯೆ, ಎಂದು ಕೇಳಬೇಕೆನಿಸಿತು. ಕೋಟ್ಯಂತರ ವರ್ಷವೋ, ಇಪ್ಪತ್ತೊಂಬತ್ತು ವರ್ಷವೋ? ಆ ದಿನ ಸಾಬೂನಿನ ಡಬ್ಬಿ ತರಲು ಎರಡು ಮೈಲಿ ನಡೆದಿದ್ದರೆ ನೀನು ಕೆರೆ ದಾಟಿ ಹೋಗಿರುತ್ತಿದ್ದೆಯಲ್ಲವೇ? ಮೇಷ್ಟ್ರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡು ಇರುತ್ತಿದ್ದರೇನೋ. ಒಳಕೋಣೆಯಲ್ಲಿ ಮೇಷ್ಟ್ರು ಮಲಗಿದ್ದಾಗ ರಾತ್ರಿ ಹಗಲೆನ್ನದೆ ಹೆಂಡತಿ ಅವರ ಎಡಗಾಲನ್ನು ತಿಕ್ಕುತ್ತಿದ್ದಳು. "ನೀವೂ ಒಂಚೂರು ತಿಕ್ಕಿ, ನಿಮ್ಮ ಕೈ ಬಿಸಿ ಇರುತ್ತೆ," ಎಂದರೆ ಏನಾದರೂ ಕೆಲಸ ನೆನಪಿಸಿಕೊಂಡು ಎದ್ದುಹೋಗುತ್ತಿದ್ದ. ಒಂದು ಸಲವೂ ಆ ಕಾಲನ್ನು ಮುಟ್ಟಲಿಲ್ಲ. ಈಗ ಅವನಿಗೆ ಅಳು ಬಂತು, ಮೂಗು ಸೋರುವಂಥ ಚಿಕ್ಕ ಮಗುವಿನ ಅಳು. ಕರವಸ್ತ್ರಕ್ಕೆಂದು ಚೀಲದಲ್ಲಿ ಕೈ ಹಾಕಿದರೆ ಉಳಿ ಸಿಕ್ಕಿತು. ಅದೇ ಉಳಿ. ಬಿಸಾಡಿದರೆ ಯಾರಿಗಾದರೂ ಸಿಕ್ಕೀತು ಎಂದು ಇಪ್ಪತ್ತೊಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದ.

ಈ ಕೈ ಅದನ್ನು ಕೂರಿಸಿತು ಎಂದಾದರೆ ಈ ಕೈಯೇ ಎಬ್ಬಿಸಬೇಕು. ಇದು ತಲೆಕೆಟ್ಟವನ ಮಾತು ಎಂದು ಅವನಿಗೆ ಗೊತ್ತಿತ್ತು. ಯಾರಾದರೂ ಹೀಗೆಂದಿದ್ದರೆ ಅವನೇ ಬೆನ್ನು ತಟ್ಟಿ ಊಟಕ್ಕೆ ಕರೆಯುತ್ತಿದ್ದ. ಆದರೂ ಕೂತ ಗುರುತಿನ ಮುಂದೆ, ಆ ಎರಡು ಗೇಣು ಬರಿಯ ಕಲ್ಲಿನ ಮೇಲೆ, ಎಡಗಾಲನ್ನು ಮಡಿಸಿ ಅದರ ಮೇಲೇ ಕುಳಿತು, ಚೀಲದಲ್ಲಿದ್ದ ಸುತ್ತಿಗೆ ತೆಗೆದು ಉಳಿ ಇಟ್ಟ. ಎದ್ದು ಮೊದಲು ಊರುವ ಹೆಜ್ಜೆ. ಎಡಗಾಲು. ನೆಟ್ಟಗೆ, ಬೆರಳು ಮುಂದಕ್ಕೆ, ಹೆಚ್ಚು ಆಳ ಬೇಡ, ನೋಯದ ಕಾಲು ಎಷ್ಟು ಊರುತ್ತದೋ ಅಷ್ಟೇ. ಈ ಸಲ ಕೈ ಜಾರಬಾರದು. ಹಿಮ್ಮಡಿಯ ಅರ್ಧಚಂದ್ರದಿಂದ ಶುರುಮಾಡಿದ. ಸುತ್ತಿಗೆಯ ಒಂದೊಂದು ಏಟೂ ಬಂಡೆಗೋಡೆಗೆ ಬಡಿದು, ಒಳಗೆ ಯಾರೋ ಇನ್ನೊಬ್ಬರು ಬೇರೆ ಕಡೆಯಿಂದ ಕೆತ್ತುತ್ತಿರುವಂತೆ ತಿರುಗಿ ಕೇಳಿಸುತ್ತಿತ್ತು. ಎರಡು ಗೆರೆ ಮುಗಿದಿರಬೇಕು.

"ಏನ್ ಸಾರ್ ಮಾಡ್ತಿದೀರಿ!"

ಸೂಪರಮ್ಮ, ಅವಳ ಹಿಂದೆ ಮೇಸ್ತ್ರಿ, ಅವನ ಹಿಂದೆ ಕೈ ಒರೆಸಿಕೊಳ್ಳುತ್ತ ನಾಲ್ಕು ಜನ ಆಳುಗಳು. ಉಳಿ ಅಡಗಿಸಲು ಹೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ.

"ಏಳ್ಲಿ ಅಂತ," ಎಂದ ಅವನು.

ಅವಳ ಮುಖ ಬದಲಾಗುತ್ತ ಹೋದದ್ದನ್ನು ಅವನು ನೋಡಿದ. ಮೊದಲು ಗಾಬರಿ, ಆಮೇಲೆ ಕೋಪ, ಆಮೇಲೆ ಅರ್ಥವಾದದ್ದು. ಅವನ ಕೈಯನ್ನು ನೋಡಿದಳು. ಕಲ್ಲಿನ ಮೇಲಿದ್ದ ಎರಡು ಹಸಿ ಗೆರೆಗಳನ್ನು ನೋಡಿದಳು, ಎಷ್ಟು ಪಳಗಿದ ಗೆರೆಗಳು ಅವು ಎಂಬುದನ್ನೂ. ತಿರುಗಿ ದೂರದ ಒಂಬತ್ತನೆಯ ಹೆಜ್ಜೆಯನ್ನು ನೋಡಿದಳು. ಬೆಳಿಗ್ಗೆ ಬಾಯಿಬಿಟ್ಟು ಹೇಳಿದ್ದನ್ನು ನಂಬದವಳು ಈಗ ಒಂದೂ ಮಾತಿಲ್ಲದೆ ನಂಬಿದಳು. ಹಲಗೆ ಎತ್ತಿ, ಹತ್ತನೆಯ ಪ್ರಶ್ನೆಯ ನಾಲ್ಕನ್ನು ಹೊಡೆದುಹಾಕಿ ಸೊನ್ನೆ ಬರೆದಳು. ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿತ್ತು. "ಇಷ್ಟು ವರ್ಷ ನಮಗೆಲ್ಲ ಪಾಠ ಹೇಳಿದ್ರಲ್ಲ ಸಾರ್ ನೀವು. ನಿಮ್ಮನ್ನ ನೋಡಿ ನಾನು ಈ ಕೆಲಸಕ್ಕೆ ಬಂದೆ," ಎಂದಳು. ಇನ್ನೊಂದು ಸಲ ಸೂಪರ್ ಎನ್ನಲಾರಳೇನೋ ಎಂಬಂತಿತ್ತು ದನಿ. ಅವನಿಗೆ ಎದೆಯ ಮೇಲಿಂದ ಯಾರೋ ಇಳಿದುಹೋದಂತಾಯಿತು. ಮನೆಗೆ ಹೋಗಿ ಆ ಕಿರಿದಾದ ಎಡಗಣ್ಣಿಗೆ ಎದುರಾಗಿ ಕೂತು ಎಲ್ಲವನ್ನೂ ಹೇಳಬೇಕು, ಹೇಳುತ್ತೇನೆ.

ಓದಿದವರ ಜಗಳ ಮೇಸ್ತ್ರಿಗೆ ಬಗೆಹರಿಯಲಿಲ್ಲ. "ಪದರ ಎತ್ತೋದಾ ಬೇಡ್ವಾ? ಹಾರೆ ಹಾಕಿ ಆಗ್ಹೋಗಿದೆ," ಎಂದ. ಯಾರೂ ಬೇಡ ಎನ್ನಲಿಲ್ಲ. ಆಳುಗಳು ಮೀಟಿದರು. ಮಂಚದಷ್ಟು ಅಗಲದ, ಗೋಡೆಯವರೆಗೂ ಉದ್ದನೆಯ ಕಲ್ಲು ನಿಟ್ಟುಸಿರಿನಂಥ ಸದ್ದು ಮಾಡಿ ಮೇಲೆದ್ದು ಪಕ್ಕಕ್ಕೆ ಜಾರಿತು. ಅದರಡಿಯಿಂದ ಹಳೆಯ ಕೆರೆಯ ತಣ್ಣನೆಯ ವಾಸನೆ ಬಂತು. ಹೆಜ್ಜೆಗಳಿದ್ದವು. ಬಲ, ಎಡ, ಬಲ, ಎಡ, ಗೋಡೆಯ ಬುಡದವರೆಗೆ, ಅಲ್ಲಿಂದ ಗೋಡೆಯೊಳಕ್ಕೆ. ಎಡಗಾಲು ನೆಟ್ಟಗಿತ್ತು. ಸೂಪರಮ್ಮ ಮಂಡಿಯೂರಿ, ಕೈಗೆ ಸಿಕ್ಕ ಮೇಷ್ಟ್ರ ಕೋಲನ್ನೇ ಇಟ್ಟು ಅಳೆದಳು. ಆಳ ಎರಡು ಕಚ್ಚು. ಹೆಜ್ಜೆಯಿಂದ ಹೆಜ್ಜೆಗೆ ಒಂದೂವರೆ ಕೋಲು. ಎರಡನೆಯ ಸಲ ಅಳೆದಳು, ಮೂರನೆಯ ಸಲ ಅಳೆದಳು. ಆಮೇಲೆ ಹಿಂದಕ್ಕೆ ಎಣಿಸಿದಳು. ಕಲ್ಲಿನಡಿಯ ಮೊದಲ ಹೆಜ್ಜೆ ಬಲಗಾಲಿನದು. ಹಾಗಾದರೆ ಕೂತಲ್ಲಿಂದ ಎದ್ದು ಅದಕ್ಕಿಂತ ಮುಂಚೆ ಊರಿದ ಎಡಹೆಜ್ಜೆ ಒಂದು ಇರಲೇಬೇಕು. ಕೋಲಿನ ತುದಿ ಬಂದು ನಿಂತದ್ದು ಬರಿಯ ಕಲ್ಲಿನ ಮೇಲೆ, ಅವನು ಆಗಷ್ಟೇ ಕೆತ್ತಿದ್ದ ಆ ಎರಡು ಗೆರೆಗಳ ಮೇಲೆ. ಆಳುಗಳು ಒಬ್ಬರ ಹಿಂದೆ ಒಬ್ಬರು ಹಾರೆ ಕೆಳಗಿಟ್ಟರು.

ಅವಳು ಹಲಗೆಯನ್ನು ಮತ್ತೆ ಎತ್ತಿಕೊಂಡಳು. "ಈಗ ಏನು ಬರೀಲಿ ಸಾರ್?" ಎಂದಳು, ಪಿಸುಮಾತಿನಲ್ಲಿ.

"ಸೊನ್ನೆನೇ ಇರ್ಲಿ," ಎಂದ ಅವನು. ಪೆನ್ನು ಇಸಿದುಕೊಂಡು ಸೊನ್ನೆಯ ಪಕ್ಕ ಸಹಿ ಹಾಕಿದ. ಉಳಿಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ತುದಿಬೆರಳಿನಲ್ಲಿ ಹಿಡಿದುಕೊಂಡಳು. ಗೋಡೆಯ ಕಡೆಗೆ ಒಮ್ಮೆ ನೋಡಿದ. ಎದ್ದು ಹೋಗಿದೆ, ನೆಟ್ಟಗೆ ನಡೆದುಕೊಂಡು ಹೋಗಿದೆ, ಇನ್ನು ಯಾರ ಕೈಗೂ ಸಿಗುವುದಿಲ್ಲ ಎಂದುಕೊಂಡಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೋಲು ಅಲ್ಲೇ ಹೆಜ್ಜೆಗಳ ಪಕ್ಕದಲ್ಲಿ ಬಿದ್ದಿತ್ತು. ಇರಲಿ, ಗಾಜಿನ ಪೆಟ್ಟಿಗೆಗೆ ಅವರೇ ಹಾಕಿಕೊಳ್ಳುತ್ತಾರೆ, ಮನೆಗೆ ಹೋಗಿ ಹೆಂಡತಿಗೆ ಹೇಳುವುದಷ್ಟೇ ತನ್ನ ಕೆಲಸ ಎಂದು ಮರದ ಹಾಸಿನ ಮೇಲೆ ಹತ್ತಿ ಗೇಟಿನ ಕಡೆ ಹೊರಟ. ಹಿಂದಿನಿಂದ ಮೇಸ್ತ್ರಿ ಓಡಿಬಂದ ಸದ್ದಾಯಿತು.

"ಸಾರ್, ನಿಲ್ಲಿ. ಏನಾಯ್ತು, ಹೀಗೆ ಕುಂಟ್ತಿದೀರಿ?"

"ಕಾಲು ಜೋಮು ಹಿಡಿದಿದೆ," ಎಂದ ಅವನು. "ಅದರ ಮೇಲೇ ಕೂತಿದ್ದೆ."

ಇಬ್ಬರೂ ಸ್ವಲ್ಪ ಹೊತ್ತು ನಿಂತರು. ಜೋಮು ಇಳಿಯಬೇಕಿತ್ತು. ಎಡಗಾಲನ್ನು ಎತ್ತಿ ಇಟ್ಟ. ಪಾದ ಹೊರಕ್ಕೆ ತಿರುಗಿ ಕೂತಿತು. ನೆಟ್ಟಗೆ ಇಡಲು ನೋಡಿದ, ಮತ್ತೆ ಹಾಗೆಯೇ ತಿರುಗಿತು. ಗೇಟಿನ ಬಳಿ ಕೀಚೈನುಗಳು ಟಕ ಟಕ ಎನ್ನುತ್ತಿದ್ದವು. "ಕೋಲು ಅಲ್ಲೇ ಬಿಟ್ಟು ಬಂದಿದ್ರಿ," ಎಂದು ಮೇಸ್ತ್ರಿ ಮೇಷ್ಟ್ರ ಕೋಲನ್ನು ಮುಂದೆ ಹಿಡಿದ. ಅದು ಮ್ಯೂಸಿಯಮ್ಮಿಗೆ ಎಂದು ಹೇಳಲು ಬಾಯಿ ತೆರೆದವನು ಕೈ ಚಾಚಿ ಇಸಿದುಕೊಂಡ. ಎತ್ತರ ಅವನಿಗೆ ಸರಿಯಾಗಿತ್ತು.